ಹತ್ತು ನಿಮಿಷ ಮೇಡಂ, ಕೆಳಗೇ ಇದ್ದೀವಿ

ಮನೆ ಮಾರೋಕೆ ಇಟ್ಟ ಮೇಲೆ ಆ ಮನೇಲಿ ಮನುಷ್ಯರು ಇರಬಾರದು. ಇದ್ದರೂ ಮಕ್ಕಳಂತೂ ಇರಲೇಬಾರದು. ನಮ್ಮನೇಲಿ ಎರಡಿದ್ದವು, ಹಾಗಾಗಿ ಮೂರು ತಿಂಗಳು ವಾರಕ್ಕೊಂದು ಎಡವಟ್ಟು ತಪ್ಪಲಿಲ್ಲ. ಈಗ ನೆನೆಸ್ಕೊಂಡು ನಗ್ತೀನಿ. ಆಗ ಯಾರಾದ್ರೂ ನಕ್ಕಿದ್ರೆ ಸೌಟು ತಗೊಂಡೇ ಹೋಗ್ತಿದ್ದೆ.

ಹಲಸೂರಲ್ಲಿ ಕೆರೆಯಿಂದ ಎರಡು ಬೀದಿ ಆಚೆ, ಮೂರನೇ ಮಹಡಿಯಲ್ಲಿ ಎರಡು ರೂಮಿನ ಫ್ಲ್ಯಾಟು ನಮ್ಮದು. ಲಿಫ್ಟಿಲ್ಲ. ಜೊತೆಗಿದ್ದ ಅತ್ತೆಗೆ ಮಂಡಿನೋವು. ಗದಗಿನ ಕಡೆಯವರು, ಗಟ್ಟಿ ಹೆಂಗಸು. ಆದರೂ ಒಂದೂವರೆ ವರ್ಷದಿಂದ ಅವರು ಕೆಳಗಿಳಿದದ್ದು ಡಾಕ್ಟರ ಹತ್ತಿರ ಹೋಗೋಕೆ ಮಾತ್ರ. ಅದೂ ಪ್ಲಾಸ್ಟಿಕ್ ಕುರ್ಚಿ ಮೇಲೆ ಕೂರಿಸಿ, ನಾಲ್ಕು ಜನ ಹೊತ್ತುಕೊಂಡು. ತರಕಾರಿ ಗಾಡಿಯವನ ಹತ್ತಿರ ಚೌಕಾಸಿ ಮಾಡೋದು ಅಂದ್ರೆ ಅವರಿಗೆ ಪಂಚಪ್ರಾಣ. ಈಗ ಬಾಲ್ಕನಿಯಿಂದಲೇ ಕೂಗಾಡಬೇಕು. "ಮೆಂತ್ಯೆ ಪಲ್ಯೆ ಕೈಯಿಂದ ಮುಟ್ಟಿ ಆರಿಸಿ ಎಷ್ಟು ದಿನಾ ಆತವ್ವಾ" ಅಂತ ಒಂದಿನ ಅಂದ್ರು. ನಂಗೆ ಅಳು ಬಂದ್ಬಿಡ್ತು.

ಟಿನ್ ಫ್ಯಾಕ್ಟರಿ ದಾಟಿ ಕೆ.ಆರ್. ಪುರಂ ಕಡೆ ಒಂದು ನೆಲಮಹಡಿ ಮನೆ ಸಿಕ್ತು. ಒಂದೇ ಒಂದು ಮೆಟ್ಟಿಲು. ಅದರ ಓನರು, "ಯುಗಾದಿ ತನಕ ಕಾಯ್ತೀನಮ್ಮಾ, ಆಮೇಲೆ ಬೇರೆಯವರಿಗೆ ಕೊಟ್ಬಿಡ್ತೀನಿ" ಅಂದ್ರು. ಅಷ್ಟರೊಳಗೆ ನಮ್ಮ ಫ್ಲ್ಯಾಟು ಮಾರಬೇಕಿತ್ತು.

ಬ್ರೋಕರ್ ಪಾಠ

ಬ್ರೋಕರ್ ಬಂದವನೇ ಹಾಲಿನ ನಡುವೆ ನಿಂತು ಒಂದು ಸುತ್ತು ನೋಡಿದ. ಸೋಫಾ ಮೇಲೆ ಒಗೆದ ಬಟ್ಟೆ, ಗೋಡೆ ತುಂಬಾ ಆರು ವರ್ಷದ ಮಗನ ಚಿತ್ರಕಲೆ, ಹತ್ತು ವರ್ಷದ ಮಗಳ ಸ್ಕೂಲ್ ಪ್ರಾಜೆಕ್ಟಿನ ಥರ್ಮಾಕೋಲ್ ಚೂರು.

"ಹೀಗಿದ್ರೆ ಆಗಲ್ಲ ಮೇಡಂ. ಬಂದವರಿಗೆ ಇಲ್ಲಿ ಯಾರೂ ವಾಸವೇ ಮಾಡ್ತಿಲ್ಲ ಅನ್ನಿಸ್ಬೇಕು."

"ಮತ್ತೆ ನಾವು ಐದು ಜನ ಎಲ್ಲಿ ವಾಸ ಮಾಡೋದ್ರೀ?"

"ಅದು ನಿಮಗೆ ಬಿಟ್ಟಿದ್ದು ಮೇಡಂ."

ಅವತ್ತಿಂದ ನಮ್ಮನೇಲಿ ನಾವೇ ನೆಂಟರು. ದೊಡ್ಡ ಬಾತ್‌ರೂಮಿಗೆ ಬೀಗ. ಹಗಲು ಹೊತ್ತು ಒಗ್ಗರಣೆ ಹಾಕಂಗಿಲ್ಲ, ವಾಸನೆ ಕೂರುತ್ತೆ. ಅವನ ಫೋನ್ ಮಾತ್ರ ಯಾವಾಗಲೂ ಒಂದೇ ಥರ: "ಹತ್ತು ನಿಮಿಷ ಮೇಡಂ, ಕೆಳಗೇ ಇದ್ದೀವಿ." ಕೆಳಗೇ ಇದ್ರೆ ಹತ್ತು ನಿಮಿಷ ಯಾಕ್ರೀ ಅಂತ ಕೇಳಿದ್ದಕ್ಕೆ, "ಮೂರು ಮಹಡಿ ಅಲ್ವಾ ಮೇಡಂ, ಮಧ್ಯ ಮಧ್ಯ ಸುಧಾರಿಸ್ಕೊಂಡು ಬರ್ತೀವಿ" ಅಂದ.

ಆ ಹತ್ತು ನಿಮಿಷದಲ್ಲಿ ಮಗಳು ಪುಸ್ತಕ, ಮಗ ಆಟದ ಸಾಮಾನು, ನಮ್ಮೆಜಮಾನ್ರು ಪಾತ್ರೆ, ನಾನು ಬಟ್ಟೆ, ಬಾಚಿ ಬಾಚಿ ಎಲ್ಲ ವಾರ್ಡ್‌ರೋಬಿಗೆ ತುರುಕೋದು. ಮೊದಲ ಪಾರ್ಟಿ ಬಂದಾಗ ಮನೆ ಲಕಲಕ ಅಂತಿತ್ತು. ಆ ಮನುಷ್ಯ ಎಲ್ಲ ನೋಡಿ, "ಮನೆ ಚೆನ್ನಾಗಿದೆ. ಸ್ವಲ್ಪ ಚಿಕ್ಕದಾಯ್ತು. ಮನೇಲಿ ಕೇಳಿ ಫೋನ್ ಮಾಡ್ತೀನಿ" ಅಂದ್ರು. ಅವರ ಹೆಂಡತಿ, ಅಪ್ಪ, ಅಮ್ಮ, ಬಾಮೈದ ಎಲ್ಲ ಪಕ್ಕದಲ್ಲೇ ನಿಂತಿದ್ರು. ಇನ್ನು ಮನೇಲಿ ಯಾರನ್ನ ಕೇಳ್ತಾರೋ ದೇವರಿಗೇ ಗೊತ್ತು.

ಗೈಡು

ಮಗನಿಗೆ ಬಾಯಿ ಬಿಡಬೇಡ ಅಂತ ಐಸ್‌ಕ್ರೀಮಿನ ಆಸೆ ತೋರಿಸಿ ಕಟ್ಟಪ್ಪಣೆ ಮಾಡಿದ್ದೆ. ಇಂದಿರಾನಗರದಿಂದ ಬಂದ ಒಬ್ಬ ಅಂಕಲ್ಲು ಅವನ ಕೆನ್ನೆ ಹಿಂಡಿ, "ಏನ್ ಮರೀ, ನಿಮ್ಮನೆ ತೋರಿಸ್ತೀಯಾ?" ಅಂದ್ಬಿಟ್ರು. ಅಷ್ಟು ಸಾಕಿತ್ತು. ಕೈ ಹಿಡಿದು ಎಳ್ಕೊಂಡೇ ಹೋದ.

"ಇದು ಹಾಲು. ನಾವು ಇಲ್ಲಿ ಕೂರಂಗಿಲ್ಲ. ಇದು ಬಾತ್‌ರೂಮು. ಇದನ್ನ ಯೂಸ್ ಮಾಡಂಗಿಲ್ಲ. ಇದು ಅಡುಗೆಮನೆ, ಇಲ್ಲಿ ಅಡುಗೆ ಮಾಡಂಗಿಲ್ಲ."

ಅಂಕಲ್ಲು ನನ್ನ ಮುಖ ನೋಡಿದ್ರು. ನಾನು ಹಲ್ಲು ಕಿರಿದೆ. ಅಷ್ಟರಲ್ಲಿ ಅವರು ರೂಮಿನ ವಾರ್ಡ್‌ರೋಬಿನ ಹಿಡಿ ಮೇಲೆ ಕೈ ಇಟ್ರು. ಮಗ ಹಾರಿ ಅಡ್ಡ ನಿಂತ.

"ಅಂಕಲ್, ತೆಗೀಬೇಡಿ! ಮೊನ್ನೆ ಬಂದ ಅಂಕಲ್ ತೆಗೆದ್ರು, ಅವರಿಗೆ ಮೂರು ಹೊಲಿಗೆ ಬಿತ್ತು!"

ಹೊಲಿಗೆಗಿಲಿಗೆ ಏನೂ ಬಿದ್ದಿರಲಿಲ್ಲ, ಬಿದ್ದಿದ್ದು ಒಂದು ಕೇರಂ ಬೋರ್ಡು. ಇದನ್ನ ನಾನು ಅಂಕಲ್ಲಿಗೆ ವಿವರಿಸಿ ಹೇಳೋ ಹೊತ್ತಿಗೆ ಅವರು ಎರಡನೇ ಮಹಡಿಯಲ್ಲಿದ್ರು.

ಎದುರುಮನೆ

ವಾರ್ಡ್‌ರೋಬು ತುಂಬಿತು ಅಂತ ಹೊಸ ಉಪಾಯ ಹುಡುಕಿದ್ವಿ. ಬೆಡ್‌ಶೀಟು ಹಾಸು, ಕಂಡಿದ್ದೆಲ್ಲ ಅದರೊಳಗೆ ಹಾಕು, ಗಂಟು ಕಟ್ಟು, ಎದುರುಮನೆಗೆ ಸಾಗಿಸು. ಎದುರುಮನೆ ಆಂಟಿ ಶಿವಾಜಿನಗರದಲ್ಲಿ ಹುಟ್ಟಿ ಬೆಳೆದವರು, ಅವರ ಮನೆ ನೆಲದಲ್ಲಿ ಮುಖ ನೋಡ್ಕೋಬಹುದು. ಅಂಥವರು ನಮ್ಮ ಆರು ಗಂಟು ಹಾಲಲ್ಲಿ ಇಟ್ಕೊಂಡು, "ಪರ್ವಾ ನಹೀ ಬೇಟಿ, ನಿನ್ ಮನೆ ಹೋದ್ರೆ ಸಾಕು" ಅಂದಿದ್ರು.

ಒಂದು ಶನಿವಾರ ಬಂದ ಗಂಡ ಹೆಂಡತಿಗೆ ನಮ್ಮನೆ ಬಹಳ ಹಿಡಿಸ್ತು. ಹೆಂಡತಿಯಂತೂ ಕಿಟಕಿಗೆ ಯಾವ ಬಣ್ಣದ ಕರ್ಟನ್ ಅಂತ ಶುರು ಮಾಡಿದ್ರು. ಹೊರಗೆ ಹೋಗಿ ಇಬ್ಬರೂ ಐದು ನಿಮಿಷ ಗುಸುಗುಸು ಮಾತಾಡ್ಕೊಂಡು ವಾಪಸ್ ಬಂದ್ರು.

"ನಿಮ್ಮನೇನ ತುಂಬಾ ಚೆನ್ನಾಗಿ ಇಟ್ಕೊಂಡಿದ್ದೀರಾ. ಆದ್ರೆ ಎದುರುಮನೆ ಬಾಗಿಲು ತೆಗೆದಿತ್ತು, ನೋಡಿದ್ವಿ. ಅಯ್ಯಪ್ಪಾ! ಹಾಲಲ್ಲೇ ಬಟ್ಟೆಗಂಟು, ತೊಳೀದೇ ಇರೋ ಕುಕ್ಕರು, ಒಡೆದ ಆಟದ ಸಾಮಾನು. ಅಂಥವರ ಎದುರಿಗೆ ಹೇಗ್ರೀ ಸಂಸಾರ ಮಾಡೋದು? ನಿಮಗಾದ್ರೆ ಅಭ್ಯಾಸ ಆಗಿರುತ್ತೆ."

ಆಂಟಿ ಬಾಗಿಲಲ್ಲೇ ನಿಂತಿದ್ರು. ಒಂದಕ್ಷರ ಬಿಡದೆ ಕೇಳಿಸ್ಕೊಂಡ್ರು. ಮೂರು ದಿನ ನಮ್ಮ ಜೊತೆ ಮಾತಾಡಲಿಲ್ಲ, ಗಂಟುಗಳಿಗೂ ಅಲ್ಲಿ ಜಾಗ ಹೋಯ್ತು.

ನೈಋತ್ಯದಲ್ಲಿ ಅತ್ತೆ

ಈಗ ಉಳಿದಿದ್ದು ಅತ್ತೆಯ ಮಂಚ. ಬಟ್ಟೆಯೆಲ್ಲ ಮಂಚದ ಮೇಲೆ ಸಮ ಮಾಡಿ ಹರಡೋದು, ಮೇಲೊಂದು ಚಾದರ, ಅದರ ಮೇಲೆ ಅತ್ತೆ. "ಮಕ್ಕೊಂಡ್ರ ಸಾಕೇನು? ಅದು ಬರ್ತೈತಿ ನನಗ" ಅಂದ್ರು ಪಾಪ.

ಮುಂದಿನ ಪಾರ್ಟಿ ವಾಸ್ತು ನೋಡೋರನ್ನೇ ಕರ್ಕೊಂಡು ಬಂತು. ಆತ ದಿಕ್ಸೂಚಿ ಹಿಡ್ಕೊಂಡು ಅತ್ತೆ ರೂಮಿಗೆ ಹೋದ್ರು. ಅತ್ತೆಗೆ ಬೆನ್ನ ಕೆಳಗೆ ಬಟ್ಟೆ ಹ್ಯಾಂಗರು ಒತ್ತುತ್ತಿತ್ತು. "ಅಯ್ಯೋ ಯಪ್ಪಾ" ಅಂತ ನರಳಿದ್ರು.

"ಅಮ್ಮನಿಗೆ ಯಾವಾಗಿಂದ ಹೀಗೆ?"

"ಈಗ ಹತ್ತು ನಿಮಿಷ ಆತ್ರೀ" ಅಂದ್ರು ಅತ್ತೆ.

ಆತ ಗಾಬರಿಯಾಗಿ ಪಾರ್ಟಿ ಕಡೆ ತಿರುಗಿ, "ನಾನು ಹೇಳಿರಲಿಲ್ವಾ ಸಾರ್, ನೈಋತ್ಯ ಕೆಟ್ಟಿದೆ. ನಾವು ಕಾಲಿಟ್ಟ ತಕ್ಷಣ ಹಿರಿಯರು ಹಾಸಿಗೆ ಹಿಡಿದ್ರು" ಅಂದ್ರು. ಅತ್ತೆ ಸಿಟ್ಟಿಗೆದ್ದು, "ಏ, ನನಗೇನಾಗೈತೋ? ಗಟ್ಟಿಮುಟ್ಟ ಅದೀನಿ!" ಅಂತ ಎದ್ದು ಕೂತ್ರು. ಅತ್ತೆ ಜೊತೆ ಚಾದರ ಎದ್ದಿತು, ಚಾದರದ ಜೊತೆ ನಮ್ಮೆಜಮಾನ್ರ ಒಳಉಡುಪು ಎಂಟೂ ದಿಕ್ಕಿಗೆ ಹಾರಿದ್ವು. ದಿಕ್ಸೂಚಿಯೇ ಬೇಕಾಗಲಿಲ್ಲ.

ರಾಹುಕಾಲ

ಇಷ್ಟರ ನಡುವೆ ನಮಗಿದ್ದ ಒಂದೇ ಬಿಡುವು ರಾಹುಕಾಲ. ಮನೆ ನೋಡೋಕೆ ರಾಹುಕಾಲದಲ್ಲಿ ಯಾರೂ ಬರಲ್ಲ, ಬ್ರೋಕರ್ ಫೋನೂ ಎತ್ತಲ್ಲ. ಭಾನುವಾರ ಸಂಜೆ ನಾಲ್ಕೂವರೆಯಿಂದ ಆರು ನಮಗೆ ಸ್ವರಾಜ್ಯ. ಬೇಕಾದ್ದು ಹರಡಬಹುದು, ಬೇಕಾದಲ್ಲಿ ಬಿದ್ದುಕೊಳ್ಳಬಹುದು.

ಯುಗಾದಿಗೆ ಎಂಟು ದಿನ ಇತ್ತು. ಆ ಭಾನುವಾರ ಮನಸ್ಸೇ ಸರಿ ಇರಲಿಲ್ಲ, ಆ ನೆಲಮಹಡಿ ಮನೆ ಕೈತಪ್ಪಿತು ಅಂತಲೇ ಅಂದ್ಕೊಂಡಿದ್ದೆ. ಆಂಟಿ ವಾಪಸ್ ಕಳಿಸಿದ ಆರೂ ಗಂಟು ಬಿಚ್ಚಿ ಹಾಲಲ್ಲಿ ಸುರಿದಿದ್ವಿ. ಮಗಳು ನೆಲದ ಮೇಲೆ ಚಾರ್ಟು ಹರಡಿ ಬಣ್ಣ ಹಚ್ಚುತ್ತಿದ್ಲು, ಮಗ ಕುಕ್ಕರೊಳಗೆ ಕಾರು ನಿಲ್ಲಿಸಿದ್ದ, ಅತ್ತೆ ಪೇಪರ್ ಮೇಲೆ ಸೊಪ್ಪು ಬಿಡಿಸ್ತಿದ್ರು.

ಐದು ಗಂಟೆಗೆ ಬಾಗಿಲಲ್ಲಿ ಆಂಟಿ. ಹಿಂದೆ ಅವರ ತಂಗಿ ಮಗಳು, ಅಳಿಯ, ಮೂರು ಮಕ್ಕಳು.

"ಬೇಟಿ, ಇವಳು ಮನೆ ಹುಡುಕ್ತಾಳೆ. ನೋಡ್ಬಹುದಾ?"

ಅವರಿಗೆ ಯಾವ ರಾಹು, ಯಾವ ಕಾಲ! ನನಗೆ ನೆಲ ಬಿರಿದು ಒಳಗೆ ಹೋಗೋಣ ಅನ್ನಿಸ್ತು. ಆದ್ರೆ ನೆಲ ಎಲ್ಲಿ ಕಾಣಿಸ್ತಿತ್ತು? ಆ ಹುಡುಗಿ ಸಾಮಾನಿನ ರಾಶಿ ದಾಟ್ಕೊಂಡು ಎರಡೂ ರೂಮು ನೋಡಿ ಬಂದ್ಲು.

"ಅಕ್ಕಾ, ಇದೆಲ್ಲಾ ಈ ಮನೇದೇನಾ?"

"ಹೌದಮ್ಮಾ" ಅಂದೆ, ತಲೆ ತಗ್ಗಿಸಿ.

"ಇಷ್ಟೂ ಸಾಮಾನು ಇಲ್ಲೇ ಹಿಡಿಸುತ್ತಾ?" ಅಂದವಳೇ ಗಂಡನ ಕಡೆ ತಿರುಗಿ, "ದೇಖೋ ಜೀ! ನೋಡಿದ ಮನೆಯೆಲ್ಲ ಖಾಲಿ ಖಾಲಿ ಇತ್ತು, ನಮ್ ಸಾಮಾನು ಹಿಡಿಸುತ್ತೋ ಇಲ್ವೋ ಗೊತ್ತೇ ಆಗ್ತಿರಲಿಲ್ಲ. ಇಷ್ಟು ಹಿಡಿಸುತ್ತೆ ಅಂದ್ರೆ ಇದು ದೊಡ್ ಮನೇನೇ" ಅಂದ್ಲು.

ಮೂರು ತಿಂಗಳು ಸಾಮಾನು ಬಚ್ಚಿಟ್ಟು ಬಚ್ಚಿಟ್ಟು ಮನೆ ಚಿಕ್ಕದು ಅನ್ನಿಸ್ಕೊಂಡಿದ್ವಿ! ಹೊರಡುವಾಗ ಅವಳು ನನ್ನ ಕೈ ಹಿಡ್ಕೊಂಡು, "ನಾಳೆ ಬೆಳಿಗ್ಗೆ ನಮ್ಮತ್ತೆ ನೋಡೋಕೆ ಬರ್ತಾರೆ. ಅಕ್ಕಾ, ಪ್ಲೀಸ್, ಏನೂ ಎತ್ತಿಡಬೇಡಿ" ಅಂದ್ಲು.

ಬೆಳಿಗ್ಗೆ ಎದ್ದು ನೋಡಿದ್ರೆ ಮಕ್ಕಳಿಬ್ಬರೂ ಅಮ್ಮನಿಗೆ ಖುಷಿಯಾಗಲಿ ಅಂತ ಇಡೀ ಮನೆ ಒಪ್ಪ ಮಾಡಿ ಇಟ್ಟಿದ್ವು. ಜನ್ಮದಲ್ಲಿ ಮೊದಲ ಸಲ, ಯಾರೂ ಹೇಳದೆ. ಅಷ್ಟರಲ್ಲಿ ಹುಡುಗಿಯ ಫೋನು: "ಅಕ್ಕಾ, ಕೆಳಗೇ ಇದ್ದೀವಿ." ಹತ್ತು ನಿಮಿಷದಲ್ಲಿ ಮನೆ ಕೆಡಿಸಿದ್ವಿ ನೋಡಿ! ವಾರ್ಡ್‌ರೋಬು ಖಾಲಿ ಮಾಡಿ ಸುರಿದಿದ್ದಾಯ್ತು, ಅತ್ತೆ ಮಂಚದಿಂದಲೇ ದಿಂಬು ಎಸೆದ್ರು. ಆದರೂ ಸಾಲದು ಅಂತ ಎದುರುಮನೆ ಆಂಟಿ ತಮ್ಮ ಮನೇದು ಎರಡು ಗಂಟು ತಂದು ಸುರಿದ್ರು.

ಬೆಲ್

ಯುಗಾದಿಗೆ ಎರಡು ದಿನ ಮುಂಚೆ ಕರಾರು ಆಯ್ತು, ಆಮೇಲೆ ಮನೆ ಬದಲಾಯಿಸಿದ್ವಿ. ಹೊಸ ಮನೆಯಲ್ಲಿ ಮೂರನೇ ದಿನ, ಡಬ್ಬಗಳೆಲ್ಲ ಅರ್ಧ ಬಿಚ್ಚಿ ಸಾಮಾನು ಹಾಲು ತುಂಬಾ ಹರಡಿತ್ತು. ಟ್ರಿಣ್ ಅಂತ ಬೆಲ್ ಆಯ್ತು. ಮಗಳು ಪುಸ್ತಕ ಬಾಚಿದಳು, ಮಗ ಕಾರುಗಳನ್ನ ಫ್ರಿಜ್ಜಿಗೆ ತುಂಬಿದ, ನಮ್ಮೆಜಮಾನ್ರು ಪಾತ್ರೆ ಎತ್ಕೊಂಡು ಓಡಿದ್ರು, ನಾನು ಬಟ್ಟೆ ತಗೊಂಡು ಮಂಚದ ಕಡೆ ಓಡಿದೆ. ಮಂಚದ ಮೇಲೆ ಅತ್ತೆ ಇರಲಿಲ್ಲ. ಅತ್ತೆ ಎಲ್ಲಿ ಅಂತ ಕೇಳೋಕೂ ಪುರುಸೊತ್ತಿಲ್ಲದೆ ಬಟ್ಟೆ ತುರುಕಿ, ಏದುಸಿರು ಬಿಡ್ತಾ ನಾಲ್ಕೂ ಜನ ಸಾಲಾಗಿ ನಿಂತು ಬಾಗಿಲು ತೆಗೆದ್ವಿ.

ಬಾಗಿಲಲ್ಲಿ ಅತ್ತೆ! ಒಬ್ಬರೇ. ಒಂದು ಕೈಯಲ್ಲಿ ಕೋಲು, ಇನ್ನೊಂದು ಕೈಯಲ್ಲಿ ಮೆಂತ್ಯದ ಕಟ್ಟು. ಹಿಂದೆ ರಸ್ತೆಯಲ್ಲಿ ತರಕಾರಿ ಗಾಡಿಯವನು, ಚೌಕಾಸಿಯಲ್ಲಿ ಸೋತ ಮುಖ ಹೊತ್ತುಕೊಂಡು ಹೊರಡ್ತಿದ್ದ.

ನನ್ನ ಕಣ್ಣು ತುಂಬಿ ಬಂತು. ಅತ್ತೆ ಮಾತ್ರ ಸಾಲಾಗಿ ನಿಂತ ನಮ್ಮನ್ನ ನೋಡಿದ್ರು, ಲಕಲಕ ಅಂತಿದ್ದ ಹಾಲು ನೋಡಿದ್ರು, ಹೊಸ್ತಿಲ ಮೇಲೇ ನಿಂತು ಕತ್ತು ಉದ್ದ ಮಾಡಿ ಅಡುಗೆಮನೇನೂ ಇಣುಕಿ ನೋಡಿದ್ರು.

"ಮನಿ ಛಲೋ ಐತ್ರೀ" ಅಂದ್ರು. "ಆದ್ರ ಸ್ವಲ್ಪ ಸಣ್ಣದಾತು. ಮನ್ಯಾಗ ಕೇಳಿ ಫೋನ್ ಮಾಡ್ತೀನಿ."