ಮಾಸ್ತರ ಕಾರಿಗೆ ಎರಡು ಶಾಕಪ್

ನಮ್ಮ ಇಳಕಲ್ ಓಣ್ಯಾಗ ಮನಿ ಮುಂದ ನಟ್ಟು ಬಿಚ್ಚೂ ಪಾನಾ ಒಂದು ಹಿಡಕೊಂಡು ಕುಂತ್ರ ಸಾಕು, ಹೇಳಾವ್ರು ಹತ್ತು ಮಂದಿ, ಮಾಡಾಂವ ನಾನೊಬ್ಬನ. ಹಿಂಗಾಗಿ ನನ್ನ ಕೈಯಾಗ ಇಲ್ಲೀತನಕ ಒಂದು ಕೆಲಸಾನೂ ಸರಳ ಮುಗಿದಿಲ್ಲ ನೋಡ್ರಿ.

ನಾ ಹೈಸ್ಕೂಲ್ ಮಾಸ್ತರ. ಹೋದ ವರ್ಷ ಹುಬ್ಬಳ್ಳಿಯಿಂದ ಒಂದು ಹಳೇ ಕೆಂಪು ಸ್ಪೋರ್ಟ್ಸ್ ಕಾರು ತಂದು ದಿನಾ ಒರಸ್ಕೊಂತ ಕುಂತಿದ್ನಿ. ಎರಡ ಬಾಗಿಲ, ಎರಡ ಸೀಟ, ಕುಂತ್ರ ನೆಲದ ಮ್ಯಾಲ ಕುಂತಂಗ. ಅದರ ಹಿಂದಿನ ಎರಡೂ ಶಾಕಪ್ ಹೋಗಿದ್ದುವು. ಅಂದ್ರ ತಗ್ಗು-ದಿನ್ನಿ ಏಟು ತಡಿಯೂ ಸ್ಪ್ರಿಂಗು, ಅದರೊಳಗಿನ ಕೊಳವಿ. ಹುನಗುಂದಕ್ಕ ಒಂದ್ಸಲ ಹೋಗಿ ಬಂದು ನನ್ನ ಹೆಂಡ್ತಿ ಎರಡು ದಿನ ಹಾಸಿಗಿ ಬಿಟ್ಟು ಏಳಲಿಲ್ಲ. ಮೂರನೇ ದಿನ ಎದ್ದು ಹೇಳಿದ್ಲು, "ಈ ಭಾನುವಾರ ಈ ಕಾರು ನನ್ನನ್ನ ಕೂಡಲಸಂಗಮಕ್ಕ ಆರಾಮ ಮುಟ್ಟಿಸಬೇಕು. ಇಲ್ಲಂದ್ರ ಸೋಮವಾರ ಮುಂಜಾನೆ ಗುಜರಿಯಾಂವ ಬರ್ತಾನ. ಹೇಳಿಟ್ಟೇನಿ."

ಗ್ಯಾರೇಜ್ ಮಿಸ್ತ್ರಿ ಬಗ್ಗಿ ನೋಡಿ ಕೈ ಮುಗದ. "ಸರ, ಇದರ ಕೆಳಗ ನಾ ಹೋಗಂಗಿಲ್ರಿ."

"ಯಾಕಪಾ, ಅಂಜಿಕಿ ಏನು?"

"ಹೋಗಾಕ ಜಾಗಾ ಎಲ್ಲೈತ್ರಿ?"

ಪಾಲಿಶ್

ಬ್ಯಾರೆ ದಾರಿ ಇಲ್ಲದ ಶುಕ್ರವಾರ ಸಾಲಿ ಬಿಟ್ಟು ಬಂದು ನಾನ ಕೈ ಹಾಕಿದ್ನಿ. ಜ್ಯಾಕ್ ಇತ್ತು. ಎತ್ತಿದ ಗಾಡಿಗೆ ಆಸರಾ ಕೊಡೂ ಸ್ಟ್ಯಾಂಡ್ ಇರಲಿಲ್ಲ. ಬಾಜೂ ಮನಿಯಾಂವಂದು ಗ್ರಾನೈಟ್ ಪಾಲಿಶ್ ಕಾರ್ಖಾನಿ. "ಇಳಕಲ್ಲಾಗ ಇದ್ದು ಕಬ್ಬಿಣದ ಸ್ಟ್ಯಾಂಡ್ ಹುಡಕ್ತೀರಲ್ರಿ ಸರ, ಮಂದಿ ನಗ್ತಾರ!" ಅಂತ ಹೇಳಿ ನಾಕು ಕೆಂಪು ಕಲ್ಲು ತಂದ. ಏನ್ ಹೊಳಪು ಅಂತೀರಿ! ಮಾರಿ ನೋಡ್ಕೊಂಡು ದಾಡಿ ಮಾಡ್ಕೋಬಹುದಿತ್ತು.

ಕಲ್ಲಿನ ಮ್ಯಾಲ ಕಲ್ಲು ಇಟ್ಟು ಜ್ಯಾಕ್ ಇಳಿಸಿದ್ವಿ. ಕಾರು ಒಂದು ಘಳಿಗಿ ನಿಂತು, ಸಾವಕಾಶ ಹಿಂದಕ್ಕ ಜಾರಿ ನೆಲಕ್ಕ ಧಪ್ ಅಂತ ಕುಂತಿತು. ಪುಣ್ಯಾಕ ನಾ ಇನ್ನೂ ಕೆಳಗ ಹೊಕ್ಕಿರಲಿಲ್ಲ. ಬಾಜೂ ಮನಿಯಾಂವ ಓಡಿ ಬಂದ. ನನ್ನ ಕಡೆ ನೋಡಲಿಲ್ಲ, ಕಾರಿನ ಕಡೆನೂ ನೋಡಲಿಲ್ಲ. ಹೆಗಲ ಮ್ಯಾಲಿನ ವಲ್ಲಿಲೆ ಕಲ್ಲು ಒರಸಿ, "ಒಂದು ಗೀರು ಬಿದ್ದಿಲ್ರಿ ಸರ! ಪಾಲಿಶ್ ಅಂದ್ರ ಹಿಂಗಿರಬೇಕು" ಅಂದ.

ವಿಭೂತಿ

ಒರಟು ಮೈಯಿನ ಕಲ್ಲು ತರಿಸಿ, ನಡುವ ಗೋಣಿಚೀಲ ಹಾಕಿದ ಮ್ಯಾಲ ಗಾಡಿ ಗಟ್ಟಿ ನಿಂತಿತು. ಶನಿವಾರ ಹಳೇ ಶಾಕಪ್ ಬಿಚ್ಚಿದ್ನಿ. ಹೊಸಾವು ಕೊರಿಯರ್‌ನ್ಯಾಗ ಬಂದಿದ್ದುವು. ಎಡಕ್ಕ ಯಾವ್ದು, ಬಲಕ್ಕ ಯಾವ್ದು ಅಂತ ಚೀಟಿ ಅಂಟಿಸಿದ್ರು. ಒಳಗ ಹೋಗಿ ನೋಡ್ತೇನಿ, ನಮ್ಮವ್ವ ಎರಡನ್ನೂ ಬಚ್ಚಲದಾಗ ತಿಕ್ಕಿ ತೊಳದು, ಮೂರು ಬಟ್ಟು ವಿಭೂತಿ ಎಳದು, ದೇವರ ಜಗಲಿ ಮುಂದ ಕುಂಡ್ರಿಸ್ಯಾಳ.

"ಯವ್ವಾ, ಚೀಟಿ ಇದ್ವಲ್ಲ, ಎಲ್ಲಿ?"

"ಕಸಾ ಅಂತ ಕಿತ್ತಿ ಒಗದೆ."

ಅಂದಾಜಿನ ಮ್ಯಾಲ ಹಾಕಿದ್ನಿ. ಎಡದ್ದು ಬಲಕ್ಕ, ಬಲದ್ದು ಎಡಕ್ಕ ಹೋತು. ಬ್ರೇಕಿನ ಪೈಪು ಸಿಗಸೂ ಕೊಂಡಿ ತಿರುವುಮುರುವು. ಮತ್ತ ಬಿಚ್ಚಿ ಹಾಕೂದ್ರಾಗ ಇಡೀ ದಿನ ಹಾಳು. ಸಿಟ್ಟು ನೆತ್ತಿಗೇರಿ ಒದರಾಡಿದ್ನಿ. ಅವ್ವ ಶಾಂತ ಕುಂತು ಹೇಳಿದ್ಲು, "ಬಸವಣ್ಣನ ನಾಡಾಗ ಹುಟ್ಟಿ ಎಡ-ಬಲ ಅಂತ ಭೇದ ಮಾಡ್ತೀ ಏನೋ?"

ತೂಕ

ಭಾನುವಾರ ಮಧ್ಯಾಹ್ನ ಕಡೀ ಎರಡು ಬೋಲ್ಟು ಉಳದ್ವು. ಅವನ್ನ ಪೂರಾ ಬಿಗಿಯೂ ಹೊತ್ತಿನ್ಯಾಗ ಗಾಡಿ ಕಲ್ಲಿನಿಂದ ಇಳದು ಚಕ್ರದ ಮ್ಯಾಲ ನಿಂತಿರಬೇಕು, ಒಳಗ ಮಂದಿ ಕುಂತಿರಬೇಕು. ಇಲ್ಲಂದ್ರ ಬೋಲ್ಟಿನ ಸುತ್ತಿನ ರಬ್ಬರ್ ತಿರುಚಿ ಹರೀತೈತಿ. ಹೆಂಡ್ತಿ ಸೀರಿ ಉಡಾಕ ಹೋಗಿದ್ಲು. ಅದಕ್ಕ ಒಂದು ಸೀಟಿನ್ಯಾಗ ಬಾಜೂ ಮನಿಯಾಂವನ್ನ, ಇನ್ನೊಂದರಾಗ ಅವ್ವನ್ನ ಕುಂಡ್ರಿಸಿ, ನಾ ಮಗ್ಗಲಕ್ಕ ಮಲಗಿ ಕೈ ತೂರಿಸಿ ಬಿಗದ್ನಿ.

"ಆತು, ಇಳೀರಿ" ಅಂದ್ನಿ. ಅಂವ ಇಳದ. ಅವ್ವ ಇಳೀಲಿಲ್ಲ.

"ಮೊಣಕಾಲು ಹಿಡಕೊಂಡಾವೋ ಯಪ್ಪಾ. ಇಷ್ಟು ತೆಳಗ ಕುಂತು ಏಳೂದು ಹೆಂಗ?"

ಇಬ್ಬರೂ ಸೇರಿ ಜಗ್ಗಿದ್ವಿ. ಜಗ್ಗಿದಷ್ಟು ಒಳಗ ಜಾರಿದ್ಲು. ಅಷ್ಟರಾಗ ಹೆಂಡ್ತಿ ಹೊಸಾ ಇಳಕಲ್ ಸೀರಿ ಉಟ್ಕೊಂಡು ಹೊರಗ ಬಂದ್ಲು. ಅವ್ವ ಆಕಿನ್ನ ನೋಡಿ, "ಹೆಂಗೂ ಸಂಗಮಕ್ಕ ಹೊಂಟೀರಲ್ಲ, ನಾ ಹಿಂಗ ಬರ್ತೇನಿ ಬಿಡವಾ" ಅಂದ್ಲು.

ಹೆಂಡ್ತಿ ಸೆರಗು ಸಿಗಿಸಿ ತನ್ನ ಸ್ಕೂಟರ್ ಚಾಲೂ ಮಾಡಿದ್ಲು. ಕಾರಿನ್ಯಾಗ ಆಕಿನ್ನ ಮುಟ್ಟಸೂ ಮಾತು ಅಲ್ಲೇ ಮುಗೀತು. ಗುಜರಿಯಾಂವ ಬರೂದು ಖರೆ ಅಂತ ತಿಳಕೊಂಡ ನಾ ಸ್ಟೇರಿಂಗ್ ಹಿಡದ್ನಿ.

ಹಾದಿ ತುಂಬ ಹಂಪ್. ಒಂದಕ್ಕೂ ಕಾರು ಕಿಮಕ್ ಅನ್ನಲಿಲ್ಲ. ಅವ್ವ ಗೊರಕಿ ಹೊಡದ್ಲು. ನನಗ ಕುಣೀಬೇಕು ಅನ್ನಿಸ್ತು. ಕನ್ನಡ್ಯಾಗ ಹಿಂದ ಬರೂ ಹೆಂಡ್ತಿ ಮಾರಿ ಕಂಡು ಸುಮ್ಮನಾದ್ನಿ.

ಸಂಗಮದಾಗ ನಾಕು ಭಕ್ತರು ಸೇರಿ ಅವ್ವನ್ನ ಇಳಿಸಿದ್ರು, ದರ್ಶನ ಆದ ಮ್ಯಾಲ ಅವರ ಮತ್ತ ಕಾರಿನ್ಯಾಗ ಕುಂಡ್ರಿಸಿದ್ರು. ನಾ ಹೆಂಡ್ತಿ ಮುಂದ ನಿಂತು, "ಗುಜರಿಯಾಂವಗ ಏನು ಹೇಳ್ಲಿ?" ಅಂತ ಕೇಳಿದ್ನಿ.

"ಬರೂದು ಬ್ಯಾಡ ಅಂತ ಹೇಳ್ರಿ. ಅತ್ತಿ ಇಲ್ಲೀತನಕ ಬಂದ್ರೂ ಒಂದ್ಸಲ ನಡಾ ನೋವಾತು ಅನ್ನಲಿಲ್ಲ."

ನನ್ನ ಕಣ್ಣಾಗ ನೀರ ಬಂತು.

"ಕೀಲಿ ಕೊಡ್ರಿ. ಇನ್ನ ಮ್ಯಾಲ ಈ ಕಾರು ನಾ ಹೊಡೀತೇನಿ."

ಸ್ಕೂಟರ್ ಕೀಲಿ ನನ್ನ ಕೈಯಾಗಿಟ್ಟು ಅತ್ತಿ-ಸೊಸಿ ಭುರ್ರ್ ಅಂತ ಹೋಗೇಬಿಟ್ರು. ನಾ ಸ್ಕೂಟರ್ ಹತ್ತಿ ಬೆನ್ನ ಹತ್ತಿದ್ನಿ. ಮೊದಲನೇ ಹಂಪಿಗೆ ನನ್ನ ಹಲ್ಲು ಹಲ್ಲಿಗೆ ಬಡದ್ವು, ಎರಡನೇದಕ್ಕ ಮೂಗಿನ ಮ್ಯಾಲಿನ ಚಾಳೀಸು ಹಾರಿತು. ಮನಿಗೆ ಬಂದು ಇಳಿಯಾಕ ಬರದ, ಅದರ ಮ್ಯಾಲ ಕುಂತು ಹೆಂಡ್ತಿನ್ನ ಕೇಳಿದ್ನಿ, "ಇದರ ಶಾಕಪ್ ಹೋಗಿ ಎಷ್ಟು ದಿನಾತ?"

"ಒಂದು ವರ್ಷಾತ್ರಿ" ಅಂದ್ಲು. "ದಿನಾ ಹೇಳ್ತಿದ್ನಿ. ನೀವು ಕಾರು ಒರಸ್ಕೊಂತ ಕುಂತಿರ್ತಿದ್ರಿ."