ದೊರೆಗೆ ಕೊಟ್ಟ ನೋಟಿಸು

ನಮ್ಮ ಮನೆಯಲ್ಲಿ ಮಾತಿಗೆ ಬೆಲೆಯಿಲ್ಲ. ಅಂದರೆ, ನನ್ನ ಮಾತಿಗೆ. ನಾನು ಬಚ್ಚಲಿನಿಂದ ಟವಲ್ಲಿಗಾಗಿ ಕೂಗಿದರೆ ಹೆಂಡತಿ ಪ್ರತಿಭಾ ಸರಿಯಾಗಿ ಆಗಲೇ ಮಿಕ್ಸಿ ಹಾಕುತ್ತಾಳೆ. (ಆಕಸ್ಮಿಕ ಎಂದು ಹದಿನಾಲ್ಕು ವರ್ಷ ನಂಬಿದ್ದೆ.)

ಹಾಸನದಲ್ಲಿ ನಾನಿರುವ ಪಶು ಆಹಾರದ ಕಂಪನಿಯಲ್ಲಿ ಎಲ್ಲ ಕೆಲಸವೂ ಮೊಬೈಲಿನ ಚಾಟ್ ಆ್ಯಪಿನಲ್ಲೇ ನಡೆಯುತ್ತದೆ. ಅದರಲ್ಲೇ ಮನೆಗೂ ಒಂದು ಗ್ರೂಪು ಮಾಡಿ 'ಗೃಹಾಡಳಿತ' ಎಂದು ನಾಮಕರಣ ಮಾಡಿದೆ. ನಾನು, ಪ್ರತಿಭಾ, ಅಮ್ಮ ಕಮಲಾಕ್ಷಮ್ಮ, ಮೂರೇ ಸದಸ್ಯರು. ಮೊದಲ ದಿನ "ಕಾಫಿ, ತುರ್ತು" ಎಂದು ಹಾಕಿದೆ. ಪ್ರತಿಭಾ ಹೆಬ್ಬೆರಳಿನ ಚಿತ್ರ ಕಳಿಸಿದಳು. ಕಾಫಿ ಬರಲಿಲ್ಲ.

ಮನೆಯಲ್ಲಿ ಇನ್ನೊಬ್ಬನಿದ್ದ. ಅಮ್ಮ ಸಾಕಿದ ಗಂಡು ಬೆಕ್ಕು. ಹೊಟ್ಟೆ ದೊಡ್ಡದು, ಮೀಸೆ ಇನ್ನೂ ದೊಡ್ಡದು, ಹೆಸರು ದೊರೆ. ಒಂದು ಸೋಮವಾರ ನಾನು ಬೂಟು ಹಾಕಿಕೊಳ್ಳುವಷ್ಟರಲ್ಲಿ ಆ ಮಹಾಶಯ ನನ್ನ ಡಬ್ಬಿಯ ಮೊಸರನ್ನವನ್ನು ಪೂರೈಸಿ, ಇಸ್ತ್ರಿ ಮಾಡಿದ ನನ್ನ ಶರ್ಟಿನ ಮೇಲೆ ಮಲಗಿದ್ದ. ರಕ್ತ ಕುದಿಯಿತು. ಬಸ್ಸಿನಲ್ಲಿ ನಿಂತುಕೊಂಡೇ ಗ್ರೂಪಿಗೆ ಬರೆದೆ:

"ದೊರೆಗೆ ಅಂತಿಮ ನೋಟಿಸು. ನೀನು ಮಾಡುವ ಕೆಲಸ ಸೊನ್ನೆ. ಮಧ್ಯಾಹ್ನವೆಲ್ಲ ಕುರ್ಚಿಯಲ್ಲಿ ನಿದ್ದೆ. ಬೇರೆಯವರ ಡಬ್ಬಿಗೆ ಬಾಯಿ ಹಾಕುತ್ತೀಯ. ಕೇಳಿದರೆ ಗುರ್ರೆನ್ನುತ್ತೀಯ. ಇನ್ನೊಮ್ಮೆ ಹೀಗಾದರೆ ಗೋಣಿಚೀಲಕ್ಕೆ ತುಂಬಿ ಸಾಲಗಾಮೆಯ ಆಚೆ ಬಿಟ್ಟು ಬರುತ್ತೇನೆ."

ಎರಡು ನಿಮಿಷಕ್ಕೆ ಮೊಬೈಲು ಗಡಗಡ ನಡುಗಿತು. ಚಪ್ಪಾಳೆಯ ಚಿತ್ರಗಳ ಸುರಿಮಳೆ! ನಮ್ಮ ಕಂಪನಿಯ ಲೋಡಿಂಗ್ ಲಕ್ಕಯ್ಯ ಬರೆದಿದ್ದ: "ಚೀಲ ನಾನ್ ತತ್ತೀನಿ ಸಾ!"

ನಮ್ಮ ಮನೆ ಗ್ರೂಪಿನಲ್ಲಿ ಲಕ್ಕಯ್ಯ ಎಲ್ಲಿಂದ ಬಂದ? ಕಣ್ಣುಜ್ಜಿ ನೋಡಿದೆ. ಅದು ನಲವತ್ತಮೂರು ಜನರ ಆಫೀಸು ಗ್ರೂಪು. ನಮ್ಮ ಮ್ಯಾನೇಜರ್ ಹರ್ಷವರ್ಧನ್ ಅವರನ್ನು ನಾವೆಲ್ಲ ಬೆನ್ನ ಹಿಂದೆ ಕರೆಯುವುದೂ ದೊರೆ ಎಂದೇ. ಅವರಿಗೂ ಮೀಸೆಯಿದೆ. ಊಟದ ನಂತರದ ನಿದ್ದೆಯೂ ಇದೆ. ಕೆಳಗೆ ಅವರ ಉತ್ತರ ಬಂದು ಕೂತಿತ್ತು: "ನೋಡಿದೆ."

ಆಫೀಸು ಸೇರಿದವನೇ ಅವರ ಕೋಣೆಗೆ ನುಗ್ಗಿದೆ.

"ಸಾರ್, ಅದು ಬೆಕ್ಕು ಸಾರ್!"

"ಓಹೋ. ಸಂಜೆ ಮನೆಗೆ ಬರ್ತೀನಿ ನಟರಾಜ್. ತೋರಿಸ್ರಿ."

ಬಂದರು. ಕೂತರು. ದೊರೆ ಒಳಗಿನಿಂದ ಸಾವಕಾಶವಾಗಿ ನಡೆದು ಬಂದು, ಜನ್ಮಾಂತರದ ನಂಟಿನವನಂತೆ ಅವರ ತೊಡೆಯೇರಿ ಕಣ್ಣು ಮುಚ್ಚಿದ.

"ಇವನೇನಾ ಡಬ್ಬಿ ಕಳ್ಳ?" ಎಂದರು ಮ್ಯಾನೇಜರ್.

ಅಮ್ಮ ಸಿಡಿದಳು. "ಕಳ್ಳ ಅಂದೋರ ಬಾಯಿಗೆ ಉಳ ಬೀಳಾ! ನಮ್ ದೊರೆ ಒಂದಿನ ಯಾರ್ ತಟ್ಟೆಗೂ ಬಾಯಾಕಿಲ್ಲ ಕಣಪ್ಪ."

ನನ್ನ ನೌಕರಿ ಈಗ ಒಂದು ಬೆಕ್ಕಿನ ದುರ್ನಡತೆಯ ಮೇಲೆ ನಿಂತಿತ್ತು. ಅಡುಗೆಮನೆಯಿಂದ ಗಸಗಸೆ ಪಾಯಸ ತಂದು ಅದರ ಮೂತಿಗೆ ಹಿಡಿದೆ. ಮುಖ ತಿರುಗಿಸಿತು. "ಕದಿಯೋ, ನಿನ್ನ ದಮ್ಮಯ್ಯ!" ಎಂದು ಪಿಸುಗುಟ್ಟಿ ಇನ್ನಷ್ಟು ಹತ್ತಿರ ಹಿಡಿದೆ. ಬಟ್ಟಲು ಮಗುಚಿ ಪಾಯಸವೆಲ್ಲ ಮ್ಯಾನೇಜರ್ ಪ್ಯಾಂಟಿನ ಪಾಲಾಯಿತು.

ಹೌಹಾರಿದ ದೊರೆ ನೆಗೆದು ಬೀರುವಿನ ಹಿಂದೆ ನುಗ್ಗಿದ. ಅಲ್ಲೇನೋ ದಡಬಡ ಸದ್ದಾಯಿತು. ಮರುಕ್ಷಣ ಕೊಬ್ಬಿದ ಇಲಿಯೊಂದನ್ನು ಕಚ್ಚಿ ತಂದು ಮ್ಯಾನೇಜರರ ಪಾದಕ್ಕೆ ಅರ್ಪಿಸಿದ.

ಪ್ಯಾಂಟು ಒರೆಸಿಕೊಳ್ಳುತ್ತಿದ್ದವರ ಮುಖ ಅರಳಿತು. "ಅಬ್ಬಾ! ನಮ್ಮ ನುಗ್ಗೇಹಳ್ಳಿ ಗೋದಾಮಲ್ಲಿ ಇಲಿಗಳು ಮೂಟೆಮೂಟೆ ಹಿಂಡಿ ತಿಂದು ಹಾಕ್ತಿವೆ. ಒಂದು ತಿಂಗಳು ಇವನನ್ನ ಕಳಿಸ್ರಮ್ಮ. ನೋಟಿಸಿನ ವಿಷಯ ಮರೆತುಬಿಡ್ತೀನಿ."

ನಾನು ಆನಂದದಿಂದ ಗೋಣಿಚೀಲ ಹುಡುಕಲು ಎದ್ದೆ. ಪ್ರತಿಭಾ ಅಡ್ಡ ಬಂದಳು.

"ಬ್ಯಾಡಿ ಸಾರ್. ಪಾಪ, ಬಸ್ಸು ಅತ್ತಿದ್ರೆ ಅವನಿಗೆ ವಾಂತಿ. ಬೇಕಾದ್ರೆ ಇವ್ರನ್ನ ಕಳಿಸ್ತೀನಿ."

ಮ್ಯಾನೇಜರ್ ನನ್ನನ್ನು ಅಡಿಯಿಂದ ಮುಡಿಯವರೆಗೆ ಅಳೆದರು.

"ಇವನಿಗೆ ವಾಂತಿ ಗೀಂತಿ ಏನೂ ಆಗಾಕಿಲ್ಲ ಕಣಪ್ಪ," ಎಂದು ಅಮ್ಮ ಹೊಗಳಿದಳು.

ಇದನ್ನು ನುಗ್ಗೇಹಳ್ಳಿಯ ಗೋದಾಮಿನಲ್ಲಿ, ಹಿಂಡಿ ಮೂಟೆಗಳ ನಡುವೆ, ಕೋಲು ಮಡಿಲಲ್ಲಿಟ್ಟುಕೊಂಡು ಬರೆಯುತ್ತಿದ್ದೇನೆ. ಇವತ್ತಿಗೆ ಹನ್ನೊಂದನೇ ದಿನ. ಒಂದು ಇಲಿಯೂ ಸಿಕ್ಕಿಲ್ಲ. ಅವಕ್ಕೆ ನನ್ನ ಪರಿಚಯವಾಗಿ ಓಡುವುದನ್ನೂ ಬಿಟ್ಟಿವೆ. ಮಧ್ಯಾಹ್ನ ಪ್ರತಿಭಾಗೆ ಫೋನು ಮಾಡಿ, ಭಾನುವಾರವಾದರೂ ಬರಲೇ ಎಂದು ಕೇಳಿದೆ.

"ಮೆಲ್ಲಗೆ ಮಾತಾಡ್ರೀ," ಎಂದಳು. "ದೊರೆ ನಿಮ್ಮ ಮಂಚದ ಮೇಲೆ ಈಗ ತಾನೇ ಮಲಗವ್ನೆ."