ಗೋಡೆ ಹತ್ತಿದ ಬೆರಳು

ಕುದೂರಿನ ಕಂಡಕ್ಟರ್ ಗಂಗಹನುಮಯ್ಯನಿಗೆ ಐವತ್ತೊಂದು ತುಂಬಿದ್ದೇ ತಡ, ಬಸ್ಸಿನ ಗಂಟೆ ಹಗ್ಗ ಕೈಗೆ ಎಟುಕದಂತಾಯಿತು. ಹಗ್ಗ ಇದ್ದಲ್ಲೇ ಇತ್ತು. ಬಲಭುಜ ಮಾತ್ರ ತುಕ್ಕು ಹಿಡಿದ ಗೇಟಿನಂತೆ ಅರ್ಧಕ್ಕೇ ನಿಲ್ಲುತ್ತಿತ್ತು.

"ಗೋಡೆ ಮೇಲೆ ಇರುವೆ ಹತ್ತೋ ಹಂಗೆ ಬೆರಳು ಮೆಲ್ಲಗೆ ಹತ್ತಿಸಿ. ನೋವಾದ ಕಡೆ ನಿಲ್ಸಿ, ಜಗ್ಗಬೇಡಿ," ಎಂದಿದ್ದರು ಮಾಗಡಿಯ ಡಾಕ್ಟರಮ್ಮ. ಡಿಪೋಗೆ ತಿಳಿದರೆ ಬಸ್ಸಿನಿಂದ ಇಳಿಸಿಬಿಡುತ್ತಾರೆಂದು ಗಂಗಹನುಮಯ್ಯ ಹೆಂಡತಿಗೂ ವಿಷಯ ಹೇಳಿರಲಿಲ್ಲ.

ವಾರದ ರಜೆಯ ದಿನ, ಅವಳ ಕಣ್ಣು ತಪ್ಪಿಸಿ ಹಿತ್ತಲಿನ ಗೋಡೆಗೆ ಮುಖ ಮಾಡಿ ನಿಂತ. ಬೆರಳು ಎರಡು ಗೇಣು ಹತ್ತಿರಲಿಲ್ಲ, ಪಕ್ಕದ ಮನೆಯ ಪ್ರಕಾಶ ಆಚೆ ಕಡೆ ಒಗೆಯೋ ಕಲ್ಲು ಹತ್ತಿ ಇಣುಕಿದ.

"ಏನಣ್ಣ, ಗೋಡೆ ಸವರ್ತಾ ಇದ್ದೀಯಾ?"

"ಏನಿಲ್ಲ ಕಣ್ಲಾ. ಒಸಿ ಎತ್ತರ ನೋಡ್ತಿದ್ದೆ."

"ಗೋಡೆ ಏರಿಸ್ತೀಯಾ? ನಮ್ಮ ಅಡುಗೆಮನೆಗೆ ಬೆಳಕು ಬ್ಯಾಡ್ವಾ?"

ಗಂಗಹನುಮಯ್ಯ ಬಾಯಿ ತೆರೆಯುವಷ್ಟರಲ್ಲಿ ಪ್ರಕಾಶ ಟೇಪು ಹಿಡಿದು ಹಿತ್ತಲಿಗೇ ಬಂದುಬಿಟ್ಟ. ಗಲಾಟೆ ಏನೆಂದು ನೋಡಲು ಎದುರುಮನೆ ಅಂಬುಜಮ್ಮ ಒಲೆ ಮೇಲಿನ ಸಾರು ಬಿಟ್ಟು ಓಡಿಬಂದರು.

"ಈಗ ಎಷ್ಟೆತ್ತರ ಐತೆ ಅಂತ ಅಳ್ದು ಇಟ್ಕತೀನಿ. ತುದಿ ಹಿಡ್ಕಂಡು ಮೇಲಕ್ಕೆತ್ತು," ಎಂದ ಪ್ರಕಾಶ.

ಗಂಗಹನುಮಯ್ಯ ಎಡಗೈ ಎತ್ತಿದ.

"ಥೂ, ಎಡಗೈಯಾ? ಗೋಡೆ ಕೆಲ್ಸ ಶುಭಕಾರ್ಯ ಗಂಗಣ್ಣ, ಬಲಗೈ ಹಾಕು," ಎಂದರು ಅಂಬುಜಮ್ಮ.

ಬಲಗೈ ಎದೆಮಟ್ಟಕ್ಕೆ ಬಂದು ಮುಷ್ಕರ ಹೂಡಿತು.

"ಬೇಕೂಂತ ಅಳತೆ ತಪ್ಪಿಸ್ತೀಯಾ?" ಎಂದವನೇ ಪ್ರಕಾಶ ಮೊಣಕೈ ಹಿಡಿದು ಮೇಲಕ್ಕೆ ನೂಕಿದ.

"ಅಯ್ಯಪ್ಪೋ! ಭುಜ ಹಿಡ್ಕಂಡೈತೆ ಕಣ್ಲಾ! ಗೋಡೆ ಏರ್ಸಕ್ಕಲ್ಲ, ಕೈ ಏರ್ಸಕ್ಕೆ ನಿಂತಿದ್ದೆ!"

ಟೇಪು ಸರ್ರನೆ ಸುತ್ತಿಕೊಂಡಿತು. ಪ್ರಕಾಶ ಇಂಗು ತಿಂದ ಮಂಗನಂತಾದ. "ಮೊದ್ಲೇ ಹೇಳ್ಬಾರ್ದಾ ಅಣ್ಣ?"

"ಡಿಪೋಗೆ ಗೊತ್ತಾದ್ರೆ ಬಸ್ ಬುಡಿಸ್ತಾರೆ. ಯಾರ್ಗೂ ಹೇಳ್ಬ್ಯಾಡಿ."

ಅಂಬುಜಮ್ಮನ ಕರುಳು ಕರಗಿತು. "ನಮ್ಮ ಅಳೀಮಯ್ಯ ಡಿಪೋದಲ್ಲೇ ಸೂಪರ್‌ವೈಜರು. ನಾನು ಹೇಳ್ತೀನಿ ಬುಡು."

"ಬ್ಯಾಡ ಅಂಬುಜಕ್ಕ!" ಎನ್ನುವ ಹೊತ್ತಿಗೆ ಫೋನು ಅವರ ಕಿವಿಯಲ್ಲಿತ್ತು.

ಸಂಜೆ ಆ ಅಳಿಯನೇ ಗಂಗಹನುಮಯ್ಯನಿಗೆ ಫೋನ್ ಮಾಡಿದ. "ಪಾಪ, ನೋವಿಟ್ಕೊಂಡು ಬಸ್ ಹತ್ಬೇಡಿ. ನಾಳೆಯಿಂದ ನಿಮಗೆ ಲೈಟ್ ಡ್ಯೂಟಿ."

ದನಿಯಲ್ಲಿ ಅಕ್ಕರೆಯಿತ್ತು. ಬಸ್ಸು ಹೋದರೂ ಕೆಲಸ ಉಳಿಯಿತಲ್ಲ ಎಂದು ಗಂಗಹನುಮಯ್ಯನಿಗೆ ಹೋದ ಜೀವ ಬಂದಂತಾಯಿತು. "ಕೆಲಸ ಏನು ಸಾರ್?"

"ಅಯ್ಯೋ, ತುಂಬ ಸುಲಭ. ಬಸ್ ಸ್ಟ್ಯಾಂಡಲ್ಲಿ ನಿಂತ್ಕೊಂಡು, ರಿವರ್ಸ್ ಬರೋ ಬಸ್ಸಿಗೆಲ್ಲ ದಾರಿ ತೋರಿಸೋದು. ಡ್ರೈವರ್‌ಗೆ ಕಾಣ್ಬೇಕು ನೋಡಿ, ಎರಡೂ ಕೈನ ತಲೆ ಮೇಲಕ್ಕೆ ಎತ್ತಿ ಬೀಸ್ತಾ ಇದ್ರೆ ಸಾಕು."